ಒಲೆಗೆ ಹೊಗೆ ಕೊಳವೆ ಆರಿಸುವಾಗ ತಿಳಿದಿರಬೇಕಾದದ್ದು



ಸಿರಸಂಗಿ ಮತ್ತು ಸುತ್ತಲಿನ ಹಳ್ಳಿಗಳ ಸಂಘದ ಸಭೆಗಳಿಗೆ ನಾವು ಬಂದಾಗ ಉಳಿತಾಯ, ಸಾಲ, ಬ್ಯಾಂಕಿನ ಮಾತು ಮುಗಿದ ಮೇಲೆ ಮನೆಯ ಮಾತು ಶುರುವಾಗುತ್ತದೆ. ಅದರಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು ಇದು: "ಸಿಸ್ಟರ್, ಒಲಿಗೆ ಪೈಪು ಹಾಕಿಸೇವ್ರಿ, ಆದ್ರೂ ಹೊಗಿ ಒಳಗ ತುಂಬತೈತಿ." ಇನ್ನೊಬ್ಬರು ಹೇಳುತ್ತಾರೆ: "ಹಾಕಿಸಿ ಎರಡ ವರ್ಷ ಆಗಿಲ್ಲ, ತೂತು ಬಿದ್ದು ಹೋತ್ರಿ." ರೊಕ್ಕ ಕೊಟ್ಟು ಹಾಕಿಸಿದ ಪೈಪು ಕೆಲಸ ಮಾಡದಿದ್ದರೆ ಅದು ಒಲೆಯ ತಪ್ಪಲ್ಲ, ನಿಮ್ಮ ತಪ್ಪೂ ಅಲ್ಲ. ಬಹಳ ಸಲ ಅದು ಕೊಳವೆ ಆರಿಸುವಾಗ ಆದ ತಪ್ಪು. ಆದ್ದರಿಂದ ಈ ಸಲದ ಪತ್ರಿಕೆಯಲ್ಲಿ ಕಟ್ಟಿಗೆ ಒಲೆಯ ಹೊಗೆ ಕೊಳವೆಯನ್ನು ಹೇಗೆ ಆರಿಸಬೇಕು, ಹೇಗೆ ಜೋಡಿಸಬೇಕು, ಹೇಗೆ ಕಾಪಾಡಬೇಕು ಎಂದು ಒಂದೊಂದಾಗಿ ನೋಡೋಣ.

ಗ್ಯಾಸ್ ಬಂದ ಮೇಲೂ ಈ ಮಾತು ಯಾಕೆ?

2016ರ ಮೇ 1ರಂದು ಉಜ್ವಲ ಯೋಜನೆ ಶುರುವಾದ ಮೇಲೆ ಎಷ್ಟೋ ಮನೆಗೆ ಗ್ಯಾಸ್ ಬಂತು. ಒಳ್ಳೆಯದೇ ಆಯಿತು. ಚಹಾ, ಪಲ್ಲೆ, ಅನ್ನ ಗ್ಯಾಸಿನ ಮೇಲೆ ಆಗುತ್ತವೆ. ಆದರೆ ಬಚ್ಚಲದ ಹಂಡೆ ಇನ್ನೂ ಕಟ್ಟಿಗೆಯಿಂದಲೇ ಕಾಯುತ್ತದೆ. ಹತ್ತು ಮಂದಿಯ ಜೋಳದ ರೊಟ್ಟಿ ಕಟ್ಟಿಗೆ ಒಲೆಯ ಮೇಲೆಯೇ ಬೇಯುತ್ತದೆ. ಹೊಲದಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಪುಕ್ಕಟೆ ಸಿಗುವಾಗ ಸಿಲಿಂಡರ್ ತುಂಬಿಸಲು ಕೈ ಹಿಂದೆ ಸರಿಯುತ್ತದೆ. ಇನ್ನು ಖಾನಾವಳಿಗೆ, ಮದುವೆಗೆ ಕಟಕ ರೊಟ್ಟಿ ಮಾಡಿಕೊಡುವ ಸಂಘದವರು ಬೆಳಗಿನಿಂದ ಮಧ್ಯಾಹ್ನದವರೆಗೆ ಬೆಂಕಿಯ ಮುಂದೆಯೇ ಕೂತಿರುತ್ತಾರೆ.

ಆ ಹೊಗೆ ಹೋಗುವುದು ನಮ್ಮ ಎದೆಗೇ. ಕಣ್ಣಿನ ಉರಿ ಮಾತ್ರ ಅಲ್ಲ. ಬಿಡದ ಕೆಮ್ಮು, ದಮ್ಮು, ಮಕ್ಕಳ ನ್ಯುಮೋನಿಯಾ, ಹೃದಯದ ಕಾಯಿಲೆ ಇವೆಲ್ಲಕ್ಕೂ ಅಡುಗೆಮನೆಯ ಹೊಗೆಗೂ ನಂಟು ಇದೆ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಸಿಗರೇಟು ಮುಟ್ಟದ ನಮ್ಮ ಹೆಣ್ಣುಮಕ್ಕಳಿಗೆ ಸಿಗರೇಟು ಸೇದುವವರ ಕಾಯಿಲೆ ಬರುವುದು ಹೀಗೆ.

ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ. ಕೊಳವೆ ಹೊಗೆಯನ್ನು ಕಡಿಮೆ ಮಾಡುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೇ. ಹೊಗೆ ಕಡಿಮೆ ಮಾಡುವುದು ಒಣಗಿದ ಕಟ್ಟಿಗೆ, ಒಲೆಯ ತಳದ ಜಾಲರಿ ಮತ್ತು ಸರಿಯಾದ ಗಾಳಿ. ಎರಡೂ ಸೇರಿದರೆ ಮಾತ್ರ ಅಡುಗೆಮನೆ ಉಸಿರಾಡುತ್ತದೆ. ಗ್ಯಾಸಿನ ಮೇಲೆ ಆಗುವ ಅಡುಗೆಯನ್ನು ಗ್ಯಾಸಿನ ಮೇಲೆಯೇ ಮಾಡ್ರಿ. ಉಳಿದದ್ದಕ್ಕೆ ಕೊಳವೆ ಇರುವ ಒಲೆ ಇರಲಿ.

ಹಿಂದೆ ಆದ ಕೆಲಸ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಯಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯುವುದು ಅದರ ಉದ್ದೇಶ. ಅಲ್ಲಿಯ ವಿಜ್ಞಾನಿಗಳು ನಮ್ಮ ಮಣ್ಣಿನ ಒಲೆಯನ್ನೇ ಅಳೆದು ನೋಡಿ, ಮುಚ್ಚಿದ ಬೆಂಕಿಗೂಡು, ತಳಕ್ಕೆ ಜಾಲರಿ, ಒಂದರ ಹಿಂದೆ ಒಂದು ಪಾತ್ರೆ, ಕೊನೆಗೆ ಹೊಗೆ ಕೊಳವೆ ಇರುವ ಒಲೆ ಮಾಡಿದರು. ಅದೇ 'ಅಸ್ತ್ರ ಒಲೆ'. 1980ರ ದಶಕದಿಂದ 2002ರವರೆಗೆ ನಡೆದ ಕೇಂದ್ರ ಸರಕಾರದ ಸುಧಾರಿತ ಒಲೆ ಕಾರ್ಯಕ್ರಮದಲ್ಲಿ ಇಂಥ ಹೊಗೆರಹಿತ ಒಲೆಗಳು ಹಳ್ಳಿಹಳ್ಳಿಗೆ ಬಂದವು. ನಿಮ್ಮ ಅತ್ತೆಯ ಕಾಲದಲ್ಲಿ ಹಾಕಿಸಿದ ಒಲೆ ಇನ್ನೂ ಇದ್ದರೆ ಅದು ಈ ಸಾಲಿನದೇ ಇರಬಹುದು.

ಎಷ್ಟೋ ಕಡೆ ಒಲೆ ಉಳಿಯಿತು, ಕೊಳವೆ ಕೈಕೊಟ್ಟಿತು. ಮಸಿ ತುಂಬಿತು, ಒಡೆಯಿತು, ಮಳೆನೀರು ಇಳಿಯಿತು. ರಿಪೇರಿ ಮಾಡುವವರು ಬರಲಿಲ್ಲ. ಕೊನೆಗೆ ಕೊಳವೆ ಕಿತ್ತು ತೂತು ಮುಚ್ಚಿ, ಮೊದಲಿನಂತೆ ಹೊಗೆಯಲ್ಲೇ ಅಡುಗೆ. ಆದ್ದರಿಂದ ಕೊಳವೆಯನ್ನು ಯಾರೋ ತಂದು ಹಾಕುವ ಸಾಮಾನು ಎಂದು ಬಿಡದೆ, ನಾವೇ ಅರಿತು ಆರಿಸಬೇಕು.

ಕೊಳವೆ ಹೊಗೆಯನ್ನು ಹೇಗೆ ಎಳೆಯುತ್ತದೆ?

ಬಿಸಿ ಗಾಳಿ ಹಗುರ, ಮೇಲೆ ಏರುತ್ತದೆ. ಕೊಳವೆಯೊಳಗಿನ ಹೊಗೆ ಹೊರಗಿನ ಗಾಳಿಗಿಂತ ಎಷ್ಟು ಬಿಸಿ ಇರುತ್ತದೋ, ಕೊಳವೆ ಎಷ್ಟು ಎತ್ತರ ಇರುತ್ತದೋ ಅಷ್ಟು ಜೋರಾಗಿ ಎಳೆಯುತ್ತದೆ. ಹೊಗೆ ಹೋದ ಜಾಗಕ್ಕೆ ಒಲೆಯ ಬಾಯಿಯಿಂದ ಹೊಸ ಗಾಳಿ ನುಗ್ಗಿ ಬೆಂಕಿಗೆ ಸಿಗುತ್ತದೆ. ಊದುಗೊಳವಿಯಿಂದ ನೀವು ಮಾಡುವ ಕೆಲಸವನ್ನು ಈ ಕೊಳವೆ ತಾನೇ ಮಾಡುತ್ತದೆ.

ಇದರಿಂದ ಮೂರು ಮಾತು ನೆನಪಿಡಬೇಕು. ಕೊಳವೆಯೊಳಗೆ ಹೊಗೆ ಆರಬಾರದು. ದಾರಿಯಲ್ಲಿ ಅಡ್ಡಿ ಇರಬಾರದು. ಒಲೆಯ ಬಾಯಿ ಬಿಟ್ಟು ಬೇರೆ ಸಂದಿಯಿಂದ ತಣ್ಣನೆ ಗಾಳಿ ಒಳಗೆ ಬರಬಾರದು. ಮುಂದೆ ಹೇಳುವುದೆಲ್ಲ ಈ ಮೂರರ ಮೇಲೆ ನಿಂತಿದೆ.

ಯಾವ ಕೊಳವೆ ಒಳ್ಳೆಯದು?

1. ಕಪ್ಪು ಕಬ್ಬಿಣದ ತಗಡು. ಸತುವಿನ ಲೇಪ ಇಲ್ಲದ ಸಾದಾ ತಗಡು ಇದು. ಒಲೆಯಿಂದ ಹೊರಡುವ ಮೊದಲ ಭಾಗಕ್ಕೆ, ಮನೆಯೊಳಗಿನ ಕೊಳವೆಗೆ ಇದೇ ಯೋಗ್ಯ. ಬಿಸಿ ತಡೆಯುತ್ತದೆ, ವೆಲ್ಡಿಂಗ್ ಅಂಗಡಿಯಲ್ಲಿ ಸುಲಭವಾಗಿ ಮಾಡಿಸಬಹುದು. ಆದರೆ ಮಳೆಗೆ ತುಕ್ಕು ಹಿಡಿಯುತ್ತದೆ.

2. ಜಿ.ಐ. ತಗಡು, ಅಂದರೆ ಸತುವಿನ ಲೇಪ ಇರುವ ಬಿಳಿ ತಗಡು. ಮಳೆ ತಡೆಯುತ್ತದೆ. ಆದರೆ ಸುಮಾರು 200 ಡಿಗ್ರಿಗಿಂತ ಹೆಚ್ಚು ಬಿಸಿಯಲ್ಲಿ ಸದಾ ಇದ್ದರೆ ಲೇಪ ಸುಲಿದು ಬರುತ್ತದೆ. ಸತು ಕರಗುವುದೇ 420 ಡಿಗ್ರಿ ಹತ್ತಿರ. ಬಹಳ ಕಾದಾಗ ಅದರಿಂದ ಏಳುವ ಬಿಳಿ ಹೊಗೆ ಕುಡಿದರೆ ಚಳಿಜ್ವರದಂಥ ಬೇನೆ ಬರುತ್ತದೆ. ವೆಲ್ಡಿಂಗ್ ಮಾಡುವವರಿಗೆ ಇದು ಗೊತ್ತು. ಆದ್ದರಿಂದ ಒಲೆಯ ಹತ್ತಿರ ಜಿ.ಐ. ಬೇಡ. ಮಾಡಿನ ಮೇಲೆ, ಹೊಗೆ ಸ್ವಲ್ಪ ಆರಿದ ಜಾಗದಲ್ಲಿ ಇರಲಿ.

3. ಸ್ಟೇನ್‌ಲೆಸ್ ಸ್ಟೀಲ್. ಬಿಸಿಗೂ ಮಳೆಗೂ ಸೈ. ಬೆಲೆ ಹೆಚ್ಚು. ದಿನವಿಡೀ ಉರಿಯುವ ರೊಟ್ಟಿ ಕೇಂದ್ರದ ಒಲೆಗೆ ಲೆಕ್ಕ ಹಾಕಿ ನೋಡಬಹುದು.

4. ಕುಂಬಾರರ ಸುಟ್ಟ ಮಣ್ಣಿನ ಕೊಳವೆ. ತುಕ್ಕು ಇಲ್ಲ, ಹೊಗೆಯ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಮುಟ್ಟಿದರೆ ತಗಡಿನಷ್ಟು ಬೇಗ ಸುಡುವುದಿಲ್ಲ. ತೂಕ ಹೆಚ್ಚು, ಪೆಟ್ಟು ತಡೆಯದು, ಗೋಡೆಗೆ ಆಸರೆ ಬೇಕು. ನಮ್ಮ ಜಿಲ್ಲೆಯ ಖಾನಾಪುರ ಮಣ್ಣಿನ ಕೆಲಸಕ್ಕೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಮಣ್ಣಿನ ಕೊಳವೆ ಕೊಳ್ಳುವಾಗ ಬೆರಳ ಗಂಟಿನಿಂದ ಬಡಿದು ನೋಡ್ರಿ. ಗಂಟೆಯಂತೆ ನಾದ ಬಂದರೆ ಚೆನ್ನಾಗಿ ಸುಟ್ಟಿದೆ, ಮಂದ ಸಪ್ಪಳ ಬಂದರೆ ಬಿರುಕು ಇದೆ.

ಬೇಡವಾದವು: ಪಿ.ವಿ.ಸಿ. ಪೈಪು ಎಷ್ಟೇ ದಪ್ಪ ಇದ್ದರೂ ಒಲೆಗೆ ಬೇಡ, ಮೆತ್ತಗಾಗಿ ಕರಗಿ ವಿಷದ ಹೊಗೆ ಬಿಡುತ್ತದೆ. ಪೇಟೆಯ ಅಡುಗೆಮನೆಗಳಲ್ಲಿ ಗ್ಯಾಸ್ ಒಲೆಯ ಮೇಲೆ ಹಾಕುವ ಅಲ್ಯೂಮಿನಿಯಂ ಸುರುಳಿ ಪೈಪೂ ಬೇಡ. ಅದು ಎಣ್ಣೆಯ ಆವಿಗೆ ಮಾಡಿದ್ದು, ಬೆಂಕಿಗಲ್ಲ.

ಹಳೆಯ ಸಿಮೆಂಟ್ ಪೈಪಿನ ಬಗ್ಗೆ ಒಂದು ಎಚ್ಚರಿಕೆ

ಹಳೆಯ ಹೊಗೆರಹಿತ ಒಲೆಗಳಿಗೆ ಬೂದಿಬಣ್ಣದ 'ಸಿಮೆಂಟ್ ಪೈಪು' ಹಾಕುತ್ತಿದ್ದರು. ಎ.ಸಿ. ಪೈಪು ಎಂದೂ ಕರೆಯುತ್ತಾರೆ. ಅದು ಬರೀ ಸಿಮೆಂಟ್ ಅಲ್ಲ, ಒಳಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಪೈಪು ಗಟ್ಟಿಯಾಗಿ ನಿಂತಿದ್ದರೆ ಕೂಡಲೇ ಕೇಡಿಲ್ಲ. ಗರಗಸದಿಂದ ಕೊಯ್ದಾಗ, ತೂತು ಕೊರೆದಾಗ, ಒಡೆದಾಗ ಕಣ್ಣಿಗೆ ಕಾಣದ ನೂಲಿನಂಥ ಧೂಳು ಏಳುತ್ತದೆ. ಅದು ಎದೆಯೊಳಗೆ ಹೋದರೆ ಹೊರಬರುವುದಿಲ್ಲ; ಎಷ್ಟೋ ವರ್ಷದ ಮೇಲೆ ಶ್ವಾಸಕೋಶದ ಕಾಯಿಲೆ, ಕ್ಯಾನ್ಸರ್ ತರುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹೆಚ್ಚು ಕಾದರೆ ಈ ಪೈಪು ಸೀಳುವುದೂ ಉಂಟು.

ಆದ್ದರಿಂದ ಹೊಸದಾಗಿ ಇದನ್ನು ಕೊಳ್ಳಬೇಡಿ. ಅಗ್ಗಕ್ಕೆ ಸಿಕ್ಕ ಹಳೆಯದನ್ನೂ ತರಬೇಡಿ. ಮನೆಯಲ್ಲಿ ಇರುವುದು ಬಿರುಕು ಬಿಟ್ಟಿದ್ದರೆ ತೆಗೆಸಿ. ತೆಗೆಯುವಾಗ ಮೊದಲು ನೀರು ಹಾಕಿ ನೆನೆಸಬೇಕು, ಮೂಗು-ಬಾಯಿಗೆ ಒಳ್ಳೆಯ ಮಾಸ್ಕ್ ಇರಬೇಕು, ಇಡಿಯಾಗಿ ಇಳಿಸಬೇಕು, ಬಡಿದು ಒಡೆಯಬಾರದು. ಬಿದ್ದ ಚೂರನ್ನು ಒಣ ಕಸಬರಿಗೆಯಿಂದ ಗುಡಿಸದೆ ಹಸಿ ಅರಿವೆಯಿಂದ ಒರೆಸಬೇಕು. ಎಲ್ಲವನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಟ್ಟು ಗ್ರಾಮ ಪಂಚಾಯತಿಗೆ ತಿಳಿಸಬೇಕು. ಮಕ್ಕಳನ್ನು ಆ ದಿನ ದೂರ ಕಳಿಸಿ. ಆ ಚೂರಿನಿಂದ ಆಟ ಆಡುವುದು, ಪಾತ್ರೆ ತಿಕ್ಕುವುದು ಬೇಡವೇ ಬೇಡ.

ಎಷ್ಟು ಅಗಲ?

ನಿಯಮ ಒಂದೇ: ಒಲೆಯ ಹೊಗೆ ಹೊರಡುವ ಬಾಯಿಗಿಂತ ಕೊಳವೆ ಎಲ್ಲಿಯೂ ಸಣ್ಣದಿರಬಾರದು. ಎರಡು-ಮೂರು ಪಾತ್ರೆಯ ಮನೆಯ ಒಲೆಗೆ, ಬಚ್ಚಲದ ಹಂಡೆಗೆ ಒಳ ಅಗಲ 4 ಇಂಚು ಇರಲಿ. ಎರಡು-ಮೂರು ಹಂಚು ಇಡುವ ರೊಟ್ಟಿ ಕೇಂದ್ರದ ಒಲೆಗೆ 6 ಇಂಚು.

"3 ಇಂಚಿಂದು ಸೋವಿ ಸಿಗತೈತ್ರಿ, ಒಂದ ಇಂಚಿನಾಗ ಏನ ಆಗತೈತಿ?" ಎಂದು ಕೇಳುವವರಿದ್ದಾರೆ. ಲೆಕ್ಕ ನೋಡ್ರಿ. 4 ಇಂಚಿನ ಕೊಳವೆಯ ಬಾಯಿ ಸುಮಾರು 12½ ಚದರ ಇಂಚು. 3 ಇಂಚಿನದು 7 ಚದರ ಇಂಚು. ಒಂದು ಇಂಚು ಕಡಿಮೆ ಆದರೆ ಹೊಗೆಯ ದಾರಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಮಸಿಯ ಲೆಕ್ಕವೂ ಇದೇ. 4 ಇಂಚಿನ ಕೊಳವೆಯೊಳಗೆ ಸುತ್ತಲೂ ಅರ್ಧ ಇಂಚು ಮಸಿ ಕೂತರೆ ಅದು 3 ಇಂಚಿನ ಕೊಳವೆಯೇ ಆಯಿತು.

ಹಾಗಂತ ಬೇಕೆಂದಕ್ಕಿಂತ ದೊಡ್ಡದೂ ಬೇಡ. ಸಣ್ಣ ಒಲೆಗೆ 8 ಇಂಚಿನ ಕೊಳವೆ ಹಾಕಿದರೆ ಹೊಗೆ ಒಳಗೆ ಮೆಲ್ಲಗೆ ಏರುತ್ತಾ ತಣ್ಣಗಾಗುತ್ತದೆ, ಎಳೆತ ಹೋಗುತ್ತದೆ, ಡಾಂಬರಿನಂಥ ಜಿಡ್ಡು ಕೂಡುತ್ತದೆ.

ಎಷ್ಟು ದಪ್ಪ?

ತಗಡಿನ ದಪ್ಪವನ್ನು ಅಂಗಡಿಯವರು ಗೇಜಿನಲ್ಲಿ ಹೇಳುತ್ತಾರೆ. ಗೇಜಿನ ಅಂಕಿ ಹೆಚ್ಚಾದಷ್ಟು ತಗಡು ತೆಳು. ಇದು ಗೊತ್ತಿಲ್ಲದೆ "26 ಗೇಜ್ ಕೊಡ್ರಿ, ದಪ್ಪಂದ ಇರಲಿ" ಎಂದು ಕೇಳಿದರೆ ತೆಳುವಿನದೇ ಕೈಗೆ ಬರುತ್ತದೆ. ಮಿಲಿಮೀಟರಿನಲ್ಲಿ ಕೇಳುವುದು ಒಳ್ಳೆಯದು. ಮನೆಯೊಳಗಿನ ಕಪ್ಪು ತಗಡಿನ ಕೊಳವೆಗೆ 0.8 ಮಿ.ಮೀ. ಕೇಳಿ.

ತೂಗಿ ನೋಡಿದರೆ ಮೋಸ ಆಗುವುದಿಲ್ಲ. 4 ಇಂಚು ಅಗಲ, 4 ಅಡಿ ಉದ್ದದ ಕೊಳವೆ 0.8 ಮಿ.ಮೀ. ತಗಡಿನದಾದರೆ ಸುಮಾರು 2.6 ಕಿಲೋ ತೂಗಬೇಕು. 1.6 ಕಿಲೋ ಆಸುಪಾಸು ತೂಗಿದರೆ ಅದು ಅರ್ಧ ಮಿ.ಮೀ. ತಗಡು. ಬೇಗ ತೂತು ಬೀಳುವ ಪೈಪುಗಳು ಬಹಳ ಮಟ್ಟಿಗೆ ಇಂಥವೇ.

ಮನೆಯೊಳಗೆ ಏರಿಸಬೇಕೋ, ಗೋಡೆ ದಾಟಿ ಹೊರಗೆ ಒಯ್ಯಬೇಕೋ?

ಕೊಳವೆ ಮನೆಯೊಳಗೇ ನೆಟ್ಟಗೆ ಏರಿ ಮಾಡಿನಿಂದ ಹೊರಗೆ ಹೋದರೆ ಹೊಗೆ ಬಿಸಿಯಾಗಿಯೇ ಇರುತ್ತದೆ, ಚೆನ್ನಾಗಿ ಎಳೆಯುತ್ತದೆ. ಗೋಡೆ ದಾಟಿ ಹೊರಗೆ ಒಯ್ದರೆ ಮಾಡಿಗೆ ತೂತು ಬೀಳುವುದಿಲ್ಲ, ಸೋರುವ ಭಯವಿಲ್ಲ. ಆದರೆ ಚಳಿಗಾಲದ ಮುಂಜಾನೆ ಕೊಳವೆ ತಣ್ಣಗಿದ್ದು ಹೊಗೆ ಹಿಂದಕ್ಕೆ ತಿರುಗುತ್ತದೆ. ಆರ್.ಸಿ.ಸಿ. ಮನೆ, ಪತ್ರಾಸಿನ ಮನೆ ಇದ್ದರೆ ಒಳಗಿನಿಂದಲೇ ನೆಟ್ಟಗೆ ಏರಿಸಿ. ಜಂತಿ, ಹಲಗೆ, ಮೇಲ್ಮುದ್ದೆಯ ಮಾಳಿಗೆ ಮನೆಯಾದರೆ ಕಟ್ಟಿಗೆಯ ನಡುವೆ ಕೊಳವೆ ತೂರಿಸುವುದಕ್ಕಿಂತ ಕಲ್ಲಿನ ಅಥವಾ ಮಣ್ಣಿನ ಗೋಡೆ ದಾಟಿಸುವುದು ಕ್ಷೇಮ. ಹಾಗೆ ಹೊರಗೆ ಒಯ್ದರೆ ಹೊರಗಿನ ಭಾಗಕ್ಕೆ ಮಣ್ಣಿನ ಕೊಳವೆ ಹಾಕಿ, ಅಥವಾ ತಗಡಿನ ಸುತ್ತ ಇಟ್ಟಂಗಿ ಕಟ್ಟಿಸಿ ಬೆಚ್ಚಗಿಡಿ.

ಅಡ್ಡ ಹೋಗುವ ಭಾಗ ಆದಷ್ಟು ಗಿಡ್ಡ ಇರಲಿ, ಅದೂ ಮೇಲ್ಮುಖವಾಗಿ ಓರೆಯಾಗಿರಲಿ. ಅಡಿಗೆ ಕಾಲು ಇಂಚಾದರೂ ಏರಬೇಕು. ಬಾಗು ಎರಡಕ್ಕಿಂತ ಹೆಚ್ಚು ಬೇಡ. ಕಾಟಕೋನದ ಬಾಗಿಗಿಂತ ಓರೆ ಬಾಗು ಒಳ್ಳೆಯದು. ಪ್ರತಿ ಬಾಗಿನಲ್ಲೂ ಹೊಗೆ ತಡವರಿಸುತ್ತದೆ, ಮಸಿ ಕೂಡುತ್ತದೆ.

ಕಟ್ಟಿಗೆಯಿಂದ ಒಂದು ಮೊಳ ದೂರ

ಒಂಟಿ ತಗಡಿನ ಕೊಳವೆಯಿಂದ ಜಂತಿ, ತೊಲೆ, ಬಾಗಿಲ ಚೌಕಟ್ಟು, ಕಪಾಟು, ಬಟ್ಟೆಯ ಗಳ ಎಲ್ಲವೂ 18 ಇಂಚು ದೂರ ಇರಬೇಕು. ಅಂದರೆ ಒಂದು ಮೊಳ. ಅಳತೆಪಟ್ಟಿ ಬೇಕಿಲ್ಲ, ಮೊಣಕೈಯಿಂದ ಬೆರಳ ತುದಿವರೆಗೆ ಹಿಡಿದು ನೋಡಿ. ಮೊದಲ ದಿನ ಕಟ್ಟಿಗೆ ಹೊತ್ತದಿರಬಹುದು. ಆದರೆ ವರ್ಷಗಟ್ಟಲೆ ಬಿಸಿಗೆ ಒಣಗಿದ ಕಟ್ಟಿಗೆ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. "ಹತ್ತ ವರ್ಷ ಏನೂ ಆಗಿಲ್ಲ" ಎನ್ನುವುದು ಧೈರ್ಯದ ಮಾತಲ್ಲ.

ಜಾಗ ಇಲ್ಲದಿದ್ದರೆ ಕೊಳವೆ ಮತ್ತು ಕಟ್ಟಿಗೆಯ ನಡುವೆ ತಗಡಿನ ತೆರೆ ನಿಲ್ಲಿಸಬೇಕು. ತೆರೆಯ ಹಿಂದೆ ಒಂದು ಇಂಚು ಸಂದಿ ಬಿಟ್ಟು, ಕೆಳಗೂ ಮೇಲೂ ಗಾಳಿ ಆಡುವಂತೆ ಇರಬೇಕು. ಹಾಗೆ ಮಾಡಿದರೆ ಅರ್ಧ ಮೊಳ ದೂರ ಸಾಕು. ತಗಡನ್ನು ಕಟ್ಟಿಗೆಗೇ ಅಂಟಿಸಿ ಮೊಳೆ ಹೊಡೆದರೆ ಉಪಯೋಗವಿಲ್ಲ, ಬಿಸಿ ನೇರವಾಗಿ ದಾಟುತ್ತದೆ.

ಮಾಡು ದಾಟುವ ಕಡೆ ಕೊಳವೆಗಿಂತ ದೊಡ್ಡ ತಗಡಿನ ತೋಳು ಹಾಕಿಸಿ, ಅದರೊಳಗಿಂದ ಕೊಳವೆ ಹಾಯಿಸಬೇಕು. ಪತ್ರಾಸಿನ ಕೆಳಗೆ ಕಟ್ಟಿಗೆಯ ಅಡ್ಡಪಟ್ಟಿ ಇದ್ದರೆ ಅಲ್ಲಿಯೂ ಮೊಳದ ಲೆಕ್ಕ ಬಿಡಬೇಡಿ. ಮಳೆ ಸೋರದಂತೆ ಕೊಳವೆಗೆ ಕೊರಳಪಟ್ಟಿಯಂತೆ ತಗಡು ಸುತ್ತಿಸಬೇಕು.

ಕೊಳವೆ ಕೈಗೆ, ಸೆರಗಿಗೆ ತಾಗುವ ಕಡೆ ಇದ್ದರೆ, ಮಕ್ಕಳು ಓಡಾಡುವ ಮನೆಯಾದರೆ ಸೊಂಟದೆತ್ತರದವರೆಗೆ ಜಾಲರಿ ಕಟ್ಟಿಸಿ.

ಜೋಡಣೆ: ಯಾವುದು ಯಾವುದರೊಳಗೆ?

ಬಹಳ ಗೌಂಡಿಗಳು ತಪ್ಪುವುದು ಇಲ್ಲೇ. ಮೇಲಿನ ಕೊಳವೆಯ ತುದಿ ಕೆಳಗಿನ ಕೊಳವೆಯ ಒಳಗೆ ಇಳಿಯಬೇಕು. ಹೊಗೆ ಮೇಲೆ ಹೋಗುತ್ತದೆಂದು ಕೆಲವರು ಉಲ್ಟಾ ಕೂಡಿಸುತ್ತಾರೆ. ಹೊಗೆ ಏರುವುದು ನಿಜ, ಆದರೆ ಹೊಗೆಯೊಳಗಿನ ನೀರು, ಜಿಡ್ಡು ತಣ್ಣಗಾಗಿ ಕೆಳಗೆ ಇಳಿಯುತ್ತದೆ. ಸರಿಯಾಗಿ ಕೂಡಿಸಿದ್ದರೆ ಅದು ಒಳಗೊಳಗೇ ಇಳಿದು ಒಲೆಗೆ ಬಂದು ಸುಡುತ್ತದೆ. ಉಲ್ಟಾ ಇದ್ದರೆ ಪ್ರತಿ ಕೂಡುವಿಕೆಯಿಂದ ಹೊರಬಂದು ಗೋಡೆಯ ಮೇಲೆ ಕಪ್ಪು ಧಾರೆ ಇಳಿಯುತ್ತದೆ.

ಒಂದರೊಳಗೊಂದು 2 ಇಂಚು ಇಳಿದಿರಲಿ. ಪ್ರತಿ ಕೂಡುವಿಕೆಗೆ ಮೂರು ಸ್ಕ್ರೂ ಹಾಕಿಸಿ, ಆಗ ಕಳಚಿ ತೊಳೆಯಲು ಬರುತ್ತದೆ. ಸಂದಿಗೆ ಜೇಡಿಮಣ್ಣು, ಬೂದಿ ಕಲಸಿ ಮೆತ್ತಿ. ಕೊಳವೆಯ ಉದ್ದನೆಯ ಹೊಲಿಗೆ ತಗಡನ್ನು ಮಡಿಚಿ ಬಡಿದದ್ದು ಅಥವಾ ವೆಲ್ಡಿಂಗ್ ಮಾಡಿದ್ದು ಇರಬೇಕು. ಸೀಸ-ತವರದ ಬೆಸುಗೆ 200 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ, ಅದು ಹೊಗೆ ಕೊಳವೆಗೆ ಸರಿಯಲ್ಲ. ಸಿರಸಂಗಿ ಕಾಳಮ್ಮ ವಿಶ್ವಕರ್ಮರ ದೇವಿ. ಲೋಹದ ಕೆಲಸ ಬಲ್ಲ ಕೈಗಳಿಗೆ ನಮ್ಮ ಕಡೆ ಕೊರತೆ ಇಲ್ಲ. ನಮಗೆ ಏನು ಬೇಕು ಎಂದು ಸರಿಯಾಗಿ ಹೇಳಿದರೆ ಅವರು ಸರಿಯಾಗಿಯೇ ಮಾಡಿಕೊಡುತ್ತಾರೆ.

ಹೊಸ ಕೊಳವೆಯಲ್ಲಿ ಮೊದಲ ದಿನ ಸಣ್ಣ ಉರಿ ಹಾಕಿ, ಕಿಟಕಿ ತೆರೆದಿಡಿ. ತಗಡಿನ ಎಣ್ಣೆ ಸುಟ್ಟು ವಾಸನೆ ಬರುತ್ತದೆ, ಆಮೇಲೆ ನಿಲ್ಲುತ್ತದೆ.

ತುದಿ ಎಷ್ಟು ಎತ್ತರ?

ಮಾಡು ದಾಟುವ ಜಾಗದಿಂದ ಕನಿಷ್ಠ 3 ಅಡಿ ಮೇಲೆ ಇರಬೇಕು. ಸುತ್ತ 10 ಅಡಿಯೊಳಗೆ ಇರುವ ಗೋಡೆ, ಮಾಡಿನ ಏರು, ನೀರಿನ ಟಾಕಿಗಿಂತ 2 ಅಡಿಯಾದರೂ ಎತ್ತರ ಇರಬೇಕು. ಇಲ್ಲದಿದ್ದರೆ ಗಾಳಿ ಆ ಗೋಡೆಗೆ ಬಡಿದು ಕೊಳವೆಯೊಳಗೆ ಇಳಿಯುತ್ತದೆ. ನಮ್ಮ ಎರೆ ಬಯಲಿನ ಆಷಾಢದ ಗಾಳಿ ಹೇಗೆ ಬೀಸುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಹೊಗೆ ಪಕ್ಕದ ಮನೆಯ ಕಿಟಕಿಗೆ ನುಗ್ಗದಂತೆಯೂ ನೋಡಿಕೊಳ್ಳಿ. ನಮ್ಮ ಕೆಮ್ಮನ್ನು ನೆರೆಮನೆಗೆ ದಾಟಿಸಿದರೆ ಅದು ಪರಿಹಾರ ಅಲ್ಲ.

ತುದಿಗೆ ತಗಡಿನ ಟೋಪಿ ಬೇಕು. ಕೊಳವೆಯ ಬಾಯಿ ಮತ್ತು ಟೋಪಿಯ ನಡುವೆ ಕೊಳವೆಯ ಅಗಲದಷ್ಟಾದರೂ ಸಂದಿ ಇರಲಿ. ಹಿತ್ತಲಲ್ಲಿ ಕಣಕಿ ಬಣವಿ, ಹೊಟ್ಟು, ಹತ್ತಿಕಟ್ಟಿಗೆಯ ರಾಶಿ ಇದ್ದರೆ ಟೋಪಿಯ ಕೆಳಗೆ ಅರ್ಧ ಇಂಚಿನ ಕಣ್ಣಿನ ಜಾಲರಿ ಹಾಕಿಸಿ. ಕುಳ್ಳು, ಹತ್ತಿಕಟ್ಟಿಗೆಯ ಕಿಡಿ ಹಗುರ, ಹಾರಿ ಬಣವಿಗೆ ಬಿದ್ದರೆ ವರ್ಷದ ಮೇವು ಹೋಯಿತು. ಜಾಲರಿಗೆ ಮಸಿ ಬೇಗ ಕಟ್ಟುತ್ತದೆ, ಅದನ್ನು ಕೊಡವುತ್ತಿರಬೇಕು.

ಮಸಿ ತೆಗೆಯುವುದು

ಕೆಳಗೆ ಕೊಳವೆ ತಿರುಗುವ ಕಡೆ ಮುಚ್ಚಳ ಇರುವ ಬಾಯಿ ಬಿಡಿಸಿ. ಗೌಂಡಿ ಬೇಡ ಎಂದರೂ ಬಿಡಬೇಡಿ. ಆ ಬಾಯಿ ಇಲ್ಲದ ಕೊಳವೆ ಒಂದು ವರ್ಷದಲ್ಲಿ ಕಟ್ಟಿಕೊಳ್ಳುತ್ತದೆ.

ಹದಿನೈದು ದಿನಕ್ಕೊಮ್ಮೆ ಒಲೆ ಆರಿದಾಗ ಕೊಳವೆಯನ್ನು ಮೆಲ್ಲಗೆ ತಟ್ಟಿ, ಕೆಳಗೆ ಬಿದ್ದ ಮಸಿ ತೆಗೆಯಿರಿ. ತಿಂಗಳಿಗೊಮ್ಮೆ ಉದ್ದ ಗಳಕ್ಕೆ ಗೋಣಿತಾಟು ಅಥವಾ ತೆಂಗಿನ ನಾರು ಕಟ್ಟಿ ಒಳಗೆ ಆಡಿಸಿ. ಮೂಗಿಗೆ ಬಟ್ಟೆ ಇರಲಿ. ಹಸಿ ಕಟ್ಟಿಗೆ ಉರಿಸಿದರೆ ಮಸಿ ಮಾತ್ರ ಅಲ್ಲ, ಹೊಳೆಯುವ ಕಪ್ಪು ಜಿಡ್ಡು ಕೂಡುತ್ತದೆ, ಅದಕ್ಕೆ ಬೆಂಕಿ ಹಿಡಿಯುತ್ತದೆ. ಪ್ಲಾಸ್ಟಿಕ್ ಚೀಲ, ಟಾಯರ್ ತುಂಡಿನಿಂದ ಒಲೆ ಹೊತ್ತಿಸುವುದನ್ನು ಇಂದೇ ಬಿಡಿ. ಜಿಡ್ಡಿಗೂ ವಿಷಕ್ಕೂ ಅದೇ ಮೂಲ.

ಕೊಳವೆಯೊಳಗೆ ಗುಂಯ್ ಎಂದು ದೊಡ್ಡ ಸಪ್ಪಳ ಬಂದು ತಗಡು ಕೆಂಪಾದರೆ ಒಳಗೆ ಜಿಡ್ಡು ಹೊತ್ತಿದೆ ಎಂದರ್ಥ. ಆಗ ಒಲೆಯ ಬಾಯಿಯನ್ನು ತಗಡಿನಿಂದ ಮುಚ್ಚಿ ಗಾಳಿ ನಿಲ್ಲಿಸಿ. ಕಾದ ಕೊಳವೆಗೆ ನೀರು ಸುರಿಯಬೇಡಿ, ಸೀಳಿ ಬಿಸಿ ಆವಿ ಮುಖಕ್ಕೆ ಬರುತ್ತದೆ. ಎಲ್ಲರನ್ನೂ ಹೊರಗೆ ಕಳಿಸಿ, 112ಕ್ಕೆ ಫೋನ್ ಮಾಡಿ.

ಎಳೆತ ಸರಿ ಇದೆಯೋ ನೋಡಲು ಊದಿನಕಡ್ಡಿ ಸಾಕು. ಉರಿಯುವ ಒಲೆಯ ಬಾಯಿಯ ಹತ್ತಿರ ಹಿಡಿಯಿರಿ. ಹೊಗೆ ಒಳಗೆ ಹೋದರೆ ಸರಿ. ನಿಮ್ಮ ಕಡೆ ತಿರುಗಿದರೆ ಎಲ್ಲೋ ಕಟ್ಟಿದೆ, ಇಲ್ಲವೇ ಸಂದಿ ಇದೆ. ಕೂಡುವಿಕೆಗಳ ಸುತ್ತಲೂ ಹೀಗೇ ಹಿಡಿದು ನೋಡಿ. ಮುಂಜಾನೆ ಹೊಗೆ ಹಿಂದಕ್ಕೆ ಬರುತ್ತಿದ್ದರೆ ಒಲೆಯ ಹಿಂದಿನ ಬಾಯಿಯಲ್ಲಿ ಒಂದು ಹಾಳೆ ಹೊತ್ತಿಸಿ ಕೊಳವೆ ಬೆಚ್ಚಗೆ ಮಾಡಿ, ಆಮೇಲೆ ಒಲೆ ಹೊತ್ತಿಸಿ.

ಕೊಳವೆ ಇದೆ ಎಂದು ಕಿಟಕಿ, ಬೆಳಕಿಂಡಿ ಮುಚ್ಚಬೇಡಿ. ಹೊಗೆ ಹೊರಗೆ ಹೋಗಬೇಕಾದರೆ ಹೊಸ ಗಾಳಿ ಒಳಗೆ ಬರಬೇಕು. ಕೆಂಡ ಇರುವ ಒಲೆಯ ಕೋಣೆಯನ್ನು ಮುಚ್ಚಿಕೊಂಡು ಮಲಗುವುದು ಅಪಾಯ. ಕೆಂಡದಿಂದ ಬರುವ ಇಂಗಾಲದ ಮಾನಾಕ್ಸೈಡ್ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ವಾಕರಿಕೆ ಬಂದರೆ ತಕ್ಷಣ ಹೊರಗೆ ಬನ್ನಿ.

ಸಂಘದಲ್ಲಿ ಲೆಕ್ಕ ಹಾಕೋಣ

ಒಂದು ಆರ್.ಸಿ.ಸಿ. ಮನೆ ಎಂದುಕೊಳ್ಳಿ. ನೆಲದಿಂದ ಮಾಡು 10 ಅಡಿ. ಒಲೆಯಿಂದ ಹೊಗೆ ಹೊರಡುವ ಬಾಯಿ ನೆಲದಿಂದ ಒಂದೂವರೆ ಅಡಿ. ಒಳಗೆ ಎಂಟೂವರೆ ಅಡಿ, ಮಾಡಿನ ಮೇಲೆ 3 ಅಡಿ, ಒಟ್ಟು ಹನ್ನೊಂದೂವರೆ ಅಡಿ ಕೊಳವೆ ಬೇಕು.

ಪೇಟೆಯಲ್ಲಿ ಸಿಗುವ ತಗಡು 8 ಅಡಿ ಉದ್ದ, 4 ಅಡಿ ಅಗಲ. 4 ಇಂಚಿನ ಕೊಳವೆಯ ಸುತ್ತಳತೆ ಹನ್ನೆರಡೂವರೆ ಇಂಚು, ಹೊಲಿಗೆಗೆ ಒಂದು ಇಂಚು ಸೇರಿಸಿ ಹದಿಮೂರೂವರೆ. 48 ಇಂಚಿನ ಅಗಲದಲ್ಲಿ ಇಂಥ ಮೂರು ಪಟ್ಟಿ ಬರುತ್ತವೆ. ಪ್ರತಿ ಪಟ್ಟಿಯನ್ನು ನಡುವೆ ಕತ್ತರಿಸಿದರೆ 4 ಅಡಿಯ ಆರು ಕೊಳವೆ. ಒಂದು ಮನೆಗೆ ಮೂರು ಸಾಕು. ಎರಡು ಕಡೆ 2 ಇಂಚು ಒಳಗೆ ಇಳಿದರೂ ಹನ್ನೊಂದು ಅಡಿ ಎಂಟು ಇಂಚು ಉಳಿಯುತ್ತದೆ. ಅಂದರೆ ಒಂದು ತಗಡು ಎರಡು ಮನೆಗೆ. ಉಳಿದ ಏಳು ಇಂಚಿನ ಪಟ್ಟಿಯಲ್ಲಿ ಟೋಪಿಗೆ, ಕೊರಳಪಟ್ಟಿಗೆ ತುಂಡು ಸಿಗುತ್ತದೆ. 0.8 ಮಿ.ಮೀ.ನ ಇಡೀ ತಗಡು ಸುಮಾರು 18ರಿಂದ 19 ಕಿಲೋ ತೂಗುತ್ತದೆ. ಅಂಗಡಿಯಲ್ಲಿ ಕಿಲೋ ದರ ಕೇಳಿ, ಅದನ್ನು ತೂಕಕ್ಕೆ ಗುಣಿಸಿದರೆ ತಗಡಿನ ಬೆಲೆ ನಿಮ್ಮ ಕೈಯಲ್ಲೇ ಬಂತು. ಮಾಡಿನ ಮೇಲಿನ ತುಂಡಿಗೆ ಬಿಸಿ ತಡೆಯುವ ಬಣ್ಣ ಹೊಡೆಸಬೇಕು, ಅಥವಾ ಆ ಒಂದು ತುಂಡನ್ನು ಜಿ.ಐ.ಯಲ್ಲಿ ಮಾಡಿಸಬಹುದು.

ರೊಟ್ಟಿ ಕೇಂದ್ರದ 6 ಇಂಚಿನ ಕೊಳವೆಗೆ ಪಟ್ಟಿ 20 ಇಂಚು ಬೇಕು. ಒಂದು ತಗಡಿನಲ್ಲಿ ಎರಡು ಪಟ್ಟಿ, 16 ಅಡಿ.

ಹೀಗೆ ಸಂಘದ ಹತ್ತು ಜನ ಕೂಡಿದರೆ ಐದು ತಗಡು. ಒಬ್ಬೊಬ್ಬರು ಹೋಗಿ ಬೇರೆ ಬೇರೆ ದರಕ್ಕೆ ಮಾಡಿಸುವುದಕ್ಕಿಂತ ಸವದತ್ತಿ, ರಾಮದುರ್ಗದ ಎರಡು-ಮೂರು ಅಂಗಡಿಯಲ್ಲಿ ದರ ಬರೆಸಿಕೊಂಡು ಒಟ್ಟಿಗೆ ಮಾಡಿಸುವುದು ಲಾಭ.

ಕೊನೆಗೆ ಒಂದು ಮಾತು. ಆಕಳಿಗೆ, ಬೀಜಕ್ಕೆ, ಮದುವೆಗೆ, ಬೋರಿಗೆ ಸಂಘದಿಂದ ಸಾಲ ಎತ್ತುತ್ತೇವೆ. ಒಲೆಯ ಕೊಳವೆಗೆ ಸಾಲ ಕೇಳುವವರು ಕಡಿಮೆ. "ನಮ್ಮ ಕಣ್ಣ ಉರಿಗೆ ಯಾಕ ರೊಕ್ಕ ಹಾಕೂದು, ರೂಢಿ ಆಗೇತಿ" ಎಂದುಬಿಡುತ್ತೇವೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಒಲೆ ಹಚ್ಚುವವಳ ಉಸಿರು ಖರ್ಚಿನ ಪಟ್ಟಿಯಲ್ಲಿ ಕೊನೆಗೆ ಬರಬಾರದು. ದೇವರು ಕೊಟ್ಟ ಉಸಿರು ಅದು. ಸಣ್ಣ ಕಂತಿನಲ್ಲಿ ತೀರುವ ಸಾಲ ಇದು. ಸಂಘದ ಒಳಸಾಲದಲ್ಲಿ ಇದಕ್ಕೂ ಜಾಗ ಇರಲಿ.

ಮುಂದಿನ ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಎಷ್ಟು ಮನೆಯ ಒಲೆಗೆ ಕೊಳವೆ ಇದೆ? ಅದರಲ್ಲಿ ಎಷ್ಟು ಕೆಲಸ ಮಾಡುತ್ತಿವೆ?
2. ಹಳೆಯ ಎ.ಸಿ. ಪೈಪು ಯಾರ ಮನೆಯಲ್ಲಿದೆ? ಬಿರುಕು ಬಿಟ್ಟಿದೆಯೇ?
3. ಯಾರ ಮನೆಯ ಕೊಳವೆ ಕಟ್ಟಿಗೆಯಿಂದ ಒಂದು ಮೊಳಕ್ಕಿಂತ ಹತ್ತಿರ ಇದೆ?
4. ಒಟ್ಟಿಗೆ ಮಾಡಿಸಲು ಎಷ್ಟು ಜನ ತಯಾರಿದ್ದಾರೆ? ದರ ಬರೆಸಿಕೊಂಡು ಬರುವವರು ಯಾರು?
5. ತಿಂಗಳಿಗೊಮ್ಮೆ ಮಸಿ ತೆಗೆಯುವ ದಿನ ಯಾವುದು?

ಉತ್ತರಗಳನ್ನು ಸಂಘದ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ಸಭೆಗೆ ಬಂದಾಗ ಅದನ್ನು ಇಟ್ಟುಕೊಂಡೇ ಮುಂದಿನ ಕೆಲಸ ಮಾತಾಡೋಣ.